ಎಡನೀರಿನ ಬೆಳಗು, ಚಾವಡಿಯ ಪಂಜರ

ಕಾಸರಗೋಡಿನಿಂದ ಪೂರ್ವಕ್ಕೆ ಹೊರಟು, ಚೆರ್ಕಳದಲ್ಲಿ ಹೆದ್ದಾರಿಯನ್ನು ಬಿಟ್ಟು, ಕಲ್ಲಡ್ಕದತ್ತ ಸಾಗುವ ರಸ್ತೆಯನ್ನು ಹಿಡಿದರೆ ಕೆಲವೇ ಕಿಲೋಮೀಟರುಗಳಲ್ಲಿ ಎಡನೀರು ಎದುರಾಗುತ್ತದೆ. ಚೆಂಗಳ ಪಂಚಾಯತಿಗೆ ಸೇರಿದ ಈ ಊರಿನ ಹೆಸರಿನಲ್ಲಿಯೇ ನೀರಿದೆ. ಮಗ್ಗುಲಲ್ಲಿ ಮಧುವಾಹಿನಿ ಹರಿಯುತ್ತಾಳೆ. ಒಂದು ಕಡೆ ಮುರಕಲ್ಲಿನ ಗುಡ್ಡೆ, ಮತ್ತೊಂದು ಕಡೆ ಅಡಿಕೆ ತೋಟ, ನಡುವೆ ಉಳಿದ ಬೈಲಿನ ತುಂಡುಗಳು. ಬಸ್ಸಿನಲ್ಲಿ ಹೋಗುವವರಿಗೆ ಮಠದ ದ್ವಾರ, ಶಾಲೆ, ನಾಲ್ಕಾರು ಅಂಗಡಿಗಳು ಕಂಡು ಮರೆಯಾಗುತ್ತವೆ. ಊರನ್ನು ನಿಜವಾಗಿ ಕಾಣಬೇಕೆನ್ನುವವರು ಶಾಲೆಯ ಮಕ್ಕಳ ಬಸ್ಸು ಬರುವುದಕ್ಕಿಂತ ಎರಡು ಗಂಟೆ ಮೊದಲು, ಇಬ್ಬನಿ ಇನ್ನೂ ಹಾಳೆಗಳ ಮೇಲಿರುವಾಗ, ತೋಟದ ಅಂಚಿನಲ್ಲಿ ನಿಲ್ಲಬೇಕು.

ಆಗ ಕೇಳಿಸುವ ಮೊದಲ ಗದ್ದಲ ಗಿಳಿಗಳದು. ರಾತ್ರಿ ಒಂದೇ ನೆಲೆಯಲ್ಲಿ ತಂಗಿದ್ದ ಹಿಂಡು ಬೆಳಕು ಹರಿಯುತ್ತಲೇ ಚಿಕ್ಕ ಚಿಕ್ಕ ತಂಡಗಳಾಗಿ ಒಡೆದು, ತೆಂಗಿನ ತಲೆಗಳ ಮೇಲಿಂದ ಬಾಣದಂತೆ ಸಾಗುತ್ತದೆ. ಹಾರುತ್ತಿರುವಷ್ಟು ಕಾಲವೂ ಅವು ಸುಮ್ಮನಿರುವುದಿಲ್ಲ. ಮುಂದಿನದು ಕೂಗಿದರೆ ಹಿಂದಿನದು ಓಗೊಡುತ್ತದೆ. ಎಲ್ಲಿರುವೆ ಎಂಬ ಪ್ರಶ್ನೆ, ಇಲ್ಲಿರುವೆ ಎಂಬ ಉತ್ತರ: ಆ ಕಿರಿಚಾಟದ ಒಟ್ಟು ಅರ್ಥ ಇಷ್ಟೇ ಎನ್ನಬಹುದು. ಇದನ್ನು ಇಲ್ಲಿ ನೆನಪಿಟ್ಟುಕೊಂಡರೆ ಪಂಜರದ ಗಿಳಿಯ ಅರ್ಧ ವಿಷಯ ತಿಳಿದಂತೆ.

ಈ ಸೀಮೆಯಲ್ಲಿ ಗಿಳಿಯೆಂದರೆ ಒಂದೇ ಜಾತಿಯಲ್ಲ. ಎಲ್ಲರೂ ಕಂಡಿರುವುದು ನಾಡಗಿಳಿ, ಉದ್ದ ಬಾಲದ, ಕೆಂಪು ಕೊಕ್ಕಿನ, ಗಂಡಿನ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಉಂಗುರವಿರುವ ಹಕ್ಕಿ. ಈ ಉಂಗುರ ಮೂಡಲು ಮೂರು ವರ್ಷದಷ್ಟು ಕಾಲ ಬೇಕಾಗುವುದರಿಂದ, ಎಳೆಯ ಗಿಳಿಯನ್ನು ನೋಡಿ ಗಂಡೋ ಹೆಣ್ಣೋ ಎಂದು ನಿರ್ಣಯಿಸುವವರು ಸಾಮಾನ್ಯವಾಗಿ ಸೋಲುತ್ತಾರೆ. ಅದಕ್ಕಿಂತ ಸಣ್ಣದು, ಗಂಡಿನ ತಲೆ ಮಾಗಿದ ಹಣ್ಣಿನ ಕೆಂಬಣ್ಣಕ್ಕೆ ತಿರುಗಿರುವುದು, ಕೆಂದಲೆ ಗಿಳಿ. ಅದರ ದನಿ ನಾಡಗಿಳಿಯದಕ್ಕಿಂತ ಮೆದು. ಕಾರಡ್ಕದ ಕಾಡಿನತ್ತ ಸಾಗಿದವರಿಗೆ ನೀಲಿ ರೆಕ್ಕೆಯ ಗಿಳಿ ಕಾಣಸಿಕ್ಕರೆ ಅದು ಭಾಗ್ಯ. ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಅದಕ್ಕೆ ನೆಲೆಯಿಲ್ಲ. ನಾಲ್ಕನೆಯದು ಚಿಟ್ಟುಗಿಳಿ. ಗುಬ್ಬಚ್ಚಿಯಷ್ಟೇ ಗಾತ್ರದ, ಬಾಲವೇ ಇಲ್ಲವೇನೋ ಎನಿಸುವ ಈ ಹಸುರು ಹಕ್ಕಿ ಬಾವಲಿಯಂತೆ ತಲೆಕೆಳಗಾಗಿ ತೂಗಿಕೊಂಡು ನಿದ್ರಿಸುತ್ತದೆ. ಹೂವಿನ ಮಕರಂದ ಅದರ ಮುಖ್ಯ ಆಹಾರ. ಶೇಂದಿ ಇಳಿಸುವ ಮರಗಳ ಮಡಕೆಗೆ ಬಾಯಿ ಹಾಕಿ ಅಮಲೇರಿ ಕೂರುವುದುಂಟೆಂದು ಪಕ್ಷಿಗ್ರಂಥಗಳು ಗಂಭೀರವಾಗಿಯೇ ಬರೆದಿವೆ. ಗೂಡಿಗೆ ಬೇಕಾದ ಎಲೆಯ ಸೀಳುಗಳನ್ನು ಇದರ ಹೆಣ್ಣು ಕೊಕ್ಕಿನಲ್ಲಿ ಒಯ್ಯುವುದಿಲ್ಲ. ಬೆನ್ನಿನ ಕೆಳಭಾಗದ ಗರಿಗಳ ನಡುವೆ ಸಿಕ್ಕಿಸಿಕೊಂಡು ಹಾರುತ್ತದೆ, ತೋಟದ ಹೆಂಗಸರು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ನಡೆಯುವಂತೆ.

ಗಿಳಿ ತಾನೇ ಗೂಡು ಕಟ್ಟುವ ಹಕ್ಕಿಯಲ್ಲ. ಮರಕುಟಿಗ ಕೊರೆದು ಬಿಟ್ಟ ಪೊಟರೆ, ಗೆದ್ದಲು ತಿಂದ ಕೊಂಬೆಯ ತೂತು, ಸಿಡಿಲು ಹೊಡೆದು ತಲೆ ಕಳೆದುಕೊಂಡ ತೆಂಗಿನ ಬೊಡ್ಡೆ, ಇವೇ ಅದರ ಹೆರಿಗೆಮನೆ. ನಾಡಗಿಳಿ ಮಾಗಿಯ ಚಳಿಯಲ್ಲಿ ಪೊಟರೆಯನ್ನು ಹುಡುಕಲು ತೊಡಗುತ್ತದೆ. ಮೂರು ವಾರಗಳಿಗೆ ತುಸು ಮೀರಿ ಕಾವು. ಮೊಟ್ಟೆಯೊಡೆದ ಮರಿ ಕಣ್ಣುಮುಚ್ಚಿಕೊಂಡು, ಗರಿಯಿಲ್ಲದೆ, ತಾಯಿತಂದೆಯರ ಗುಟುಕಿನಿಂದಲೇ ಬದುಕುತ್ತ, ಆರೇಳು ವಾರಗಳಾದ ಮೇಲೆ ಹೊರಬೀಳುತ್ತದೆ. ಈ ಲೆಕ್ಕ ಸರಿಯಾಗಿ ಬಂದು ನಿಲ್ಲುವುದು ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ. ಗೇರುಹಣ್ಣು ಉದುರುವ, ಪರೀಕ್ಷೆ ಮುಗಿಯುವ, ಒಣಗಿದ ಮರಗಳನ್ನು ಮಳೆಗಾಲಕ್ಕೆ ಮೊದಲೇ ಕಡಿದುಹಾಕುವ ತಿಂಗಳುಗಳೂ ಅವೇ. ಕೊಡಲಿ ಬಿದ್ದ ಬೊಡ್ಡೆಯೊಳಗಿಂದ ಮರಿ ಹೊರಬರುತ್ತದೆ. ಶಾಲೆಗೆ ರಜೆ ಸಿಕ್ಕಿದ ಮಗು ಅದನ್ನು ಚಪ್ಪಲಿಯ ಪೆಟ್ಟಿಗೆಯಲ್ಲಿಟ್ಟು ಮನೆಗೆ ತರುತ್ತದೆ. ಗಿಳಿಯನ್ನು ಸಾಕುವ ಮಾತು ಈ ಊರುಗಳಲ್ಲಿ ಆರಂಭವಾಗುವುದು ಹೆಚ್ಚಾಗಿ ಅಂಗಡಿಯಲ್ಲಲ್ಲ, ಈ ಪೆಟ್ಟಿಗೆಯಲ್ಲಿ.

ಹಿಂದಿನ ತಲೆಮಾರಿನವರಿಗೆ ಚಾವಡಿಯ ಮಾಡಿನಿಂದ ತೂಗುತ್ತಿದ್ದ ಕಬ್ಬಿಣದ ದುಂಡು ಪಂಜರದ ನೆನಪಿದೆ. ಅದರೊಳಗಿನ ಹಕ್ಕಿಯ ಹೆಸರು ರಾಮ, ಹೆಣ್ಣಾಗಿದ್ದರೂ ರಾಮನೇ. ಹಸಿ ಮೆಣಸು, ಅನ್ನ, ಬಾಳೆಹಣ್ಣಿನ ತುಂಡು ಅದರ ಊಟ. ಬಂದವರನ್ನು ಮಾತಾಡಿಸುವುದು ಅದರ ಉದ್ಯೋಗ. ಅದನ್ನು ಯಾರೂ ಕ್ರೌರ್ಯವೆಂದು ಬಗೆದಿರಲಿಲ್ಲ. ಮನೆಯವರಿಗೆ ಅದರ ಮೇಲಿದ್ದ ಪ್ರೀತಿಯೂ ಸುಳ್ಳಾಗಿರಲಿಲ್ಲ. ಆದರೆ ಪ್ರೀತಿಸುವವರು ತಾವು ಪ್ರೀತಿಸುವ ಪ್ರಾಣಿಯನ್ನು ಅರಿತಿದ್ದರೇ ಎಂಬ ಪ್ರಶ್ನೆ ಬೇರೆ.

ಗಿಳಿಯ ಕಾಲನ್ನು ಹತ್ತಿರದಿಂದ ಕಂಡವರು ಕಡಿಮೆ. ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಕೊಂಬೆಯನ್ನು ಇಕ್ಕುಳದಂತೆ ಹಿಡಿಯಲು, ಹಣ್ಣನ್ನು ಎತ್ತಿ ಬಾಯಿಗೊಯ್ಯಲು ಆದ ಕಾಲು ಅದು. ಕೊಕ್ಕು ಅದರ ಮೂರನೆಯ ಕೈ. ಹತ್ತುವಾಗ ಮೊದಲು ಊರುವುದು ಕೊಕ್ಕನ್ನೇ. ಅಪರಿಚಿತ ವಸ್ತುವನ್ನು ಪರೀಕ್ಷಿಸುವುದೂ ಕೊಕ್ಕಿನಿಂದಲೇ. ಮನುಷ್ಯನ ಬೆರಳನ್ನು ಅದು ಮೊದಲ ಸಲ ಕಚ್ಚುವುದು ಅನೇಕ ವೇಳೆ ಕೋಪದಿಂದಲ್ಲ, ಈ ಕೊಂಬೆ ಗಟ್ಟಿಯೋ ಎಂದು ತಿಳಿಯಲು. ಬೆರಳಿನವನು ಕೂಗಿ ಕೈ ಸೆಳೆದುಕೊಂಡರೆ ಹಕ್ಕಿ ಎರಡು ಪಾಠಗಳನ್ನು ಕಲಿಯುತ್ತದೆ: ಈ ಕೊಂಬೆ ನಂಬುವಂಥದಲ್ಲ, ಮತ್ತು ಕಚ್ಚಿದರೆ ಇದು ದೂರ ಹೋಗುತ್ತದೆ. ಎರಡನೆಯ ಪಾಠ ಬಹಳ ಕಾಲ ಉಳಿಯುತ್ತದೆ. ಕಚ್ಚುವ ಮೊದಲು ಗಿಳಿ ಎಚ್ಚರಿಕೆಯನ್ನು ಕೊಟ್ಟೇ ಕೊಡುತ್ತದೆ. ಕಣ್ಣಿನ ಪಾಪೆ ಸರಸರನೆ ಕಿರಿದಾಗಿ ಹಿರಿದಾಗುತ್ತದೆ, ಕತ್ತಿನ ಗರಿ ನಿಮಿರುತ್ತದೆ, ಬಾಲ ಬೀಸಣಿಗೆಯಾಗುತ್ತದೆ, ಮೈ ಒಂದು ಪಕ್ಕಕ್ಕೆ ವಾಲುತ್ತದೆ. ಇದನ್ನು ಓದಬಲ್ಲವನಿಗೆ ಗಿಳಿ ಕಚ್ಚುವುದು ಅಪರೂಪ. ಓದಲಾರದವನು ಅದನ್ನು ದುಷ್ಟಹಕ್ಕಿಯೆಂದು ಕರೆದು ಪಂಜರದ ಬಾಗಿಲನ್ನು ಶಾಶ್ವತವಾಗಿ ಮುಚ್ಚುತ್ತಾನೆ.

ಕಿರಿಚಾಟವೂ ಹಾಗೆಯೇ. ಬೆಳಗ್ಗೆ ಮತ್ತು ಸಂಜೆ ಪಂಜರದ ಗಿಳಿ ಗಂಟಲು ಹರಿಯುವಂತೆ ಕೂಗುವುದು, ಮಧುವಾಹಿನಿಯ ದಂಡೆಯ ಹಿಂಡು ಕೂಗುವ ಹೊತ್ತಿಗೇ. ಅದು ತನ್ನವರನ್ನು ಕರೆಯುತ್ತಿದೆ. ಮನೆಯಾಕೆ ಅಡಿಗೆಮನೆಗೆ ಹೋಗಿ ಕಣ್ಮರೆಯಾದರೂ ಅದು ಕರೆಯುತ್ತದೆ. ಏಕೆಂದರೆ ಈಗ ಆಕೆಯೇ ಹಿಂಡು. ಗದರಿದರೆ, ಬಟ್ಟೆ ಮುಚ್ಚಿದರೆ, ಓಡಿಬಂದು ಸುಮ್ಮನಿರೆಂದು ಕೂಗಿದರೆ ಗಿಳಿಯ ಲೆಕ್ಕದಲ್ಲಿ ಉತ್ತರ ಬಂತೆಂದೇ ಅರ್ಥ. ಮರುದಿನ ಇನ್ನೂ ಗಟ್ಟಿಯಾಗಿ ಕೂಗುತ್ತದೆ. ಒಳಗಿನಿಂದಲೇ ಮೆಲ್ಲನೆ ಒಂದು ಸಿಳ್ಳೆಯಿಂದ ಓಗೊಟ್ಟು, ಅದು ಅದೇ ಮೆಲುದನಿಯಲ್ಲಿ ಮರುನುಡಿದಾಗ ಹತ್ತಿರ ಹೋಗುವವರು ಗಿಳಿಯ ಭಾಷೆಯನ್ನು ಅಷ್ಟರಮಟ್ಟಿಗೆ ಕಲಿತವರು. ಹೀಗೆ ಕಲಿತರೂ ಕೂಗು ಪೂರ್ಣ ನಿಲ್ಲದು. ಗೋಡೆಗೆ ಗೋಡೆ ತಾಗಿದ ಪೇಟೆಯ ವಸತಿಗಳಲ್ಲಿ ನೆರೆಯವರೊಂದಿಗಿನ ವ್ಯಾಜ್ಯಕ್ಕೆ ಇದಿಷ್ಟೇ ಸಾಕು.

ಮಾತಿನ ವಿಷಯದಲ್ಲಿಯೂ ಇದೇ ಸತ್ಯ. ನಾಡಗಿಳಿ ಕಾಡಿನಲ್ಲಿ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುತ್ತ ಕೂರುವುದಿಲ್ಲ. ತನ್ನ ಹಿಂಡಿನ ದನಿಯನ್ನು ಕಲಿಯುವುದು ಅದರ ಸ್ವಭಾವ. ಹಿಂಡು ಇಲ್ಲದಲ್ಲಿ ಸುತ್ತಲಿನ ಮನುಷ್ಯರೇ ಹಿಂಡಾಗುತ್ತಾರೆ, ಮನುಷ್ಯರ ದನಿಯೇ ಕಲಿಕೆಯ ವಸ್ತುವಾಗುತ್ತದೆ. ವೆನೆಜುವೆಲಾದ ಒಂದು ಬಗೆಯ ಪುಟ್ಟ ಗಿಳಿಗಳಲ್ಲಿ ತಾಯಿತಂದೆ ಗೂಡಿನ ಪ್ರತಿ ಮರಿಗೂ ಬೇರೆ ಬೇರೆ ಕೂಗಿನ ಗುರುತನ್ನು ಕಲಿಸುತ್ತವೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಾವು ಹೆಸರಿಡುವ ಮೊದಲೇ ಗಿಳಿಗಳಲ್ಲಿ ನಾಮಕರಣವಿತ್ತು ಎಂದಾಯಿತು. ಅಮೆರಿಕದಲ್ಲಿ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ ಅಲೆಕ್ಸ್ ಎಂಬ ಆಫ್ರಿಕದ ಬೂದುಗಿಳಿಯೊಂದಿಗೆ ಮೂವತ್ತು ವರ್ಷ ದುಡಿದರು. ಅಂಗಡಿಯೊಂದರಿಂದ ಕೊಂಡ ಆ ಹಕ್ಕಿ ನೂರಕ್ಕೂ ಮಿಕ್ಕ ಪದಗಳನ್ನು ಕಲಿತು, ಬಣ್ಣ, ಆಕಾರ, ಸಣ್ಣ ಎಣಿಕೆಗಳನ್ನು ತಿಳಿದು ಹೇಳುತ್ತಿತ್ತು, 2007ರಲ್ಲಿ ತೀರಿಕೊಂಡಿತು. ‘ಗಿಳಿಪಾಠ’ ಎಂಬ ನಮ್ಮ ನುಡಿಗಟ್ಟು ಗಿಳಿಗೆ ಅಷ್ಟೊಂದು ನ್ಯಾಯ ಮಾಡುವುದಿಲ್ಲ. ಶಾಲೆಯಲ್ಲಿ ಆ ಮಾತಿನಿಂದ ಬೈಸಿಕೊಂಡ ಮಕ್ಕಳು ಇದನ್ನು ಗುರುಗಳಿಗೆ ವಿನಯದಿಂದ ತಿಳಿಸಬಹುದು.

ಕ್ರಿಸ್ತಪೂರ್ವ 400ರ ಸುಮಾರಿಗೆ, ಪಾರಸಿಕ ದೊರೆಯ ಆಸ್ಥಾನದಲ್ಲಿದ್ದ ಕ್ಟೇಸಿಯಸ್ ಎಂಬ ಗ್ರೀಕ್ ವೈದ್ಯ ಭಾರತದ ಹಕ್ಕಿಯೊಂದನ್ನು ವರ್ಣಿಸಿದ್ದಾನೆ. ಅದು ಮನುಷ್ಯನಂತೆ ಭಾರತದ ನುಡಿಯನ್ನಾಡುತ್ತದೆ, ಗ್ರೀಕನ್ನು ಕಲಿಸಿದರೆ ಗ್ರೀಕನ್ನೂ ಆಡುತ್ತದೆ ಎಂಬುದು ಅವನ ಬೆರಗು. ವರ್ಣನೆಯನ್ನು ನೋಡಿದವರು ಅದು ನಮ್ಮ ಕೆಂದಲೆ ಗಿಳಿಯಾಗಿರಬೇಕೆನ್ನುತ್ತಾರೆ. ಕಾಸರಗೋಡಿನವರಿಗೆ ಇದರಲ್ಲಿ ಬೆರಗೇನೂ ಇಲ್ಲ. ಇಲ್ಲಿನ ಮಗು ಅಂಗಳದಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಮರಾಠಿಯನ್ನೋ ಆಡಿ, ತರಗತಿಯಲ್ಲಿ ಗ್ರಾಂಥಿಕ ಕನ್ನಡವನ್ನು ಓದಿ, ಬಸ್ಸಿನಲ್ಲಿ ಮಲಯಾಳದಲ್ಲಿ ಟಿಕೆಟು ಕೇಳುತ್ತದೆ. ಚಾವಡಿಯ ಗಿಳಿಯೂ ಯಾವ ದನಿ ಹೆಚ್ಚಾಗಿ, ಹೆಚ್ಚು ಉತ್ಸಾಹದಿಂದ ಕೇಳಿಸುತ್ತದೋ ಅದನ್ನೇ ಹಿಡಿಯುತ್ತದೆ. ಕನ್ನಡದ ಮನೆಯಲ್ಲಿದ್ದೂ ದೂರದರ್ಶನದ ಮಲಯಾಳವನ್ನಾಡುವ ಗಿಳಿಯನ್ನು ಕುರಿತು ನಗುವ ಮೊದಲು, ಮನೆಯಲ್ಲಿ ಕನ್ನಡದ ದನಿ ಎಷ್ಟು ಕೇಳಿಸುತ್ತಿದೆಯೆಂದು ಎಣಿಸಿಕೊಳ್ಳುವುದು ಲೇಸು.

ಎಡನೀರು ಮಠ ತೋಟಕಾಚಾರ್ಯ ಪರಂಪರೆಯದು. ಶಂಕರಾಚಾರ್ಯರ ಶಿಷ್ಯರ ಈ ನೆಲೆಗೂ ಗಿಳಿಗಳಿಗೂ ಪುರಾಣಪ್ರಾಯವಾದ ಒಂದು ನಂಟಿದೆ. ಆಚಾರ್ಯರು ಮಂಡನಮಿಶ್ರನ ಮನೆಯನ್ನು ಹುಡುಕಿ ಹೊರಟಾಗ, ಯಾವ ಮನೆಯ ಬಾಗಿಲಲ್ಲಿ ಪಂಜರದ ಗಿಳಿಗಳು ಜ್ಞಾನದ ಪ್ರಾಮಾಣ್ಯವನ್ನು ಕುರಿತು ಚರ್ಚಿಸುತ್ತಿರುವುವೋ ಅದೇ ಮಂಡನನ ಮನೆಯೆಂದು ನೀರು ಹೊರುವ ಹೆಂಗಸರು ದಾರಿ ತೋರಿದರೆಂದು ಶಂಕರವಿಜಯದ ಕಥೆ. ಗಿಳಿಗಳು ಮೀಮಾಂಸೆಯನ್ನಾಡಿದ್ದು ಸಹಜವೇ, ಆ ಮನೆಯಲ್ಲಿ ಅವುಗಳ ಕಿವಿಗೆ ಬೀಳುತ್ತಿದ್ದುದು ಅದೇ ತಾನೆ.

ಇನ್ನೊಂದು ಕಥೆ ಅಷ್ಟು ಹಗುರವಾದುದಲ್ಲ. ಬಾಣನ ಸಂಸ್ಕೃತ ಗದ್ಯವನ್ನು ನಾಗವರ್ಮ ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದನೆಂಬುದು ಪಠ್ಯಪುಸ್ತಕಗಳಿಂದ ಎಲ್ಲರಿಗೂ ತಿಳಿದದ್ದೇ. ಅದರಲ್ಲಿ ಕಥೆ ಹೇಳುವುದು ವೈಶಂಪಾಯನನೆಂಬ ಗಿಳಿ. ಚಂಡಾಲಕನ್ಯೆ ಅದನ್ನು ಪಂಜರದಲ್ಲಿಟ್ಟು ಶೂದ್ರಕ ಮಹಾರಾಜನ ಸಭೆಗೆ ತರುತ್ತಾಳೆ. ರಾಜ ಕೇಳಿದಾಗ ಅದು ಮೊದಲು ಹೇಳುವುದು ತಾನು ಹುಟ್ಟಿದ ಬೂರುಗದ ಮರದ ಕಥೆಯನ್ನು. ಬೇಡರ ಪಡೆ ಬರುತ್ತದೆ. ಮುದಿ ಬೇಡನೊಬ್ಬ ಮರವನ್ನೇರಿ ಪೊಟರೆ ಪೊಟರೆಗೂ ಕೈ ಹಾಕಿ, ಹಾರಲಾರದ ಮರಿಗಳನ್ನು ಹಣ್ಣು ಕೊಯ್ದಂತೆ ಕಿತ್ತು ಕೊಂದು ನೆಲಕ್ಕೆಸೆಯುತ್ತಾನೆ. ರೆಕ್ಕೆಯೊಳಗೆ ಮರಿಯನ್ನು ಅವುಚಿಕೊಂಡಿದ್ದ ಮುದಿ ತಂದೆಗಿಳಿಯೂ ಸಾಯುತ್ತದೆ. ಒಣಗೆಲೆಯ ರಾಶಿಯ ಮೇಲೆ ಬಿದ್ದ ಆ ಒಂದು ಮರಿ ಮಾತ್ರ ಬದುಕುತ್ತದೆ. ಇದನ್ನು ಓದಿದವರು ರಸವನ್ನು ಮೆಚ್ಚಿಕೊಂಡು ಪುಟ ತಿರುಗಿಸುತ್ತಾರೆ. ಆದರೆ ಸಂತೆಯಲ್ಲಿ ಕದ್ದು ಮಾರುವ ಗಿಳಿಮರಿಯ ಹಿಂದಿನ ವೃತ್ತಾಂತವೂ ಇದೇ. ಪೊಟರೆಗೆ ಕೈ ಹಾಕಿದವನು ಒಂದು ಮರಿಯನ್ನು ಬಿಟ್ಟು ಬರುವುದಿಲ್ಲ. ಬುಟ್ಟಿಯಲ್ಲಿ ಒತ್ತೊತ್ತಾಗಿ ಸಾಗುವಾಗ ಸತ್ತವುಗಳು ಕೊಳ್ಳುವವನ ಕಣ್ಣಿಗೆ ಬೀಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಕಾನೂನಿನ ಮಾತನ್ನು ಆಡದೆ ಇರಲಾಗದು, ಅದರಲ್ಲಿಯೂ ಎಡನೀರಿನಲ್ಲಿ ನಿಂತು. ಈ ಊರಿನ ಹೆಸರನ್ನು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಮಠದ ಆಸ್ತಿಯನ್ನು ಕುರಿತು ಕೇಶವಾನಂದ ಭಾರತೀ ಸ್ವಾಮೀಜಿಯವರು 1970ರಲ್ಲಿ ಸಲ್ಲಿಸಿದ ಅರ್ಜಿ ಸರ್ವೋಚ್ಚ ನ್ಯಾಯಾಲಯದ ಹದಿಮೂರು ನ್ಯಾಯಾಧೀಶರ ಪೀಠದ ಮುಂದೆ 68 ದಿನ ವಾದಕ್ಕೆ ಬಂದು, 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲ ಸಂರಚನೆಯನ್ನು ಬದಲಿಸಲಾಗದೆಂಬ ತೀರ್ಪಿನಲ್ಲಿ ಮುಗಿಯಿತು. ಆ ವಾದ ಆರಂಭವಾದದ್ದು 1972ರ ಅಕ್ಟೋಬರ್ ಕೊನೆಯಲ್ಲಿ. ಅದಕ್ಕೆ ಕೆಲವೇ ವಾರಗಳ ಹಿಂದೆ, ಸೆಪ್ಟೆಂಬರ್‌ನಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ರಾಷ್ಟ್ರಪತಿಗಳ ಅಂಕಿತವನ್ನು ಪಡೆದಿತ್ತು. ಸ್ವಾಮೀಜಿಯವರ ಮೊಕದ್ದಮೆ ಆಸ್ತಿ ಯಾರದು ಎಂಬಲ್ಲಿಂದ ಹೊರಟಿತ್ತು. ಗಿಳಿ ಯಾರ ಆಸ್ತಿ ಎಂಬ ಪ್ರಶ್ನೆಗೆ ಈ ಕಾಯಿದೆಯಲ್ಲಿ ಉತ್ತರವಿದೆ: ಕಾನೂನನ್ನು ಮೀರಿ ಹಿಡಿದ ಅಥವಾ ಇರಿಸಿಕೊಂಡ ವನ್ಯಪ್ರಾಣಿ 39ನೆಯ ಪ್ರಕರಣದ ಪ್ರಕಾರ ಸರಕಾರದ ಸ್ವತ್ತು. ‘ನಮ್ಮ ಮನೆಯ ಗಿಳಿ’ ಎಂಬ ಮಾತಿಗೆ ಕಾನೂನಿನಲ್ಲಿ ಅರ್ಥವಿಲ್ಲ.

ನಮ್ಮ ನೆಲದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಸಾಕುವುದು ಎಲ್ಲವೂ ಅಪರಾಧ. ಕಾಯಿದೆಯಲ್ಲಿ ಬೇಟೆಯೆಂಬ ಶಬ್ದಕ್ಕೆ ಕೋವಿ ಹಿಡಿಯುವುದಷ್ಟೇ ಅರ್ಥವಲ್ಲ. ಬಲೆಯೊಡ್ಡುವುದು, ಹಿಡಿಯುವುದು, ಕಾಡುಹಕ್ಕಿಯ ಮೊಟ್ಟೆಗೂ ಗೂಡಿಗೂ ಹಾನಿ ಮಾಡುವುದು ಅದರೊಳಗೆ ಬರುತ್ತದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಳಿಕ ನಾಡಗಿಳಿ ಎರಡನೆಯ ಅನುಸೂಚಿಯಲ್ಲಿದೆ. ತಪ್ಪಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ. ಪ್ರೀತಿಯಿಂದ ಸಾಕಿದೆವೆಂಬುದು ಅನುಕಂಪಕ್ಕೆ ಕಾರಣವಾದೀತೇ ಹೊರತು ಸಮರ್ಥನೆಯಾಗದು. ಗಿಳಿಶಾಸ್ತ್ರ ಹೇಳಿ ಹೊಟ್ಟೆ ಹೊರೆಯುವವರೂ ಈ ಕಾನೂನಿನ ಹೊರಗಿಲ್ಲ. ಎಲ್ಲ ಕಡೆ ಇದು ಕಟ್ಟುನಿಟ್ಟಾಗಿ ನಡೆಯುತ್ತಿಲ್ಲವೆಂಬುದು ನಿಜ. ಹಾಗೆಂದು ಮಕ್ಕಳೆದುರು ಹಿರಿಯರೇ ಅದನ್ನು ಆಧಾರವಾಗಿ ಹಿಡಿಯುವುದು ಶೋಭಿಸದು. 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಮೇಲಿನ ದಯೆಯೂ ಒಂದೆಂದು ಶಾಲೆಯಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಾರೆ. 2015ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ, ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಹಕ್ಕಿದೆ, ಪಂಜರದಲ್ಲಿಟ್ಟು ವ್ಯಾಪಾರ ಮಾಡಲು ಮನುಷ್ಯನಿಗೆ ಹಕ್ಕಿಲ್ಲ ಎಂಬ ಅಭಿಪ್ರಾಯಕ್ಕೆ ಬಂದಿತು.

ಉಳಿಯುವುದು ಅಂಗಡಿಯ ಹಕ್ಕಿಗಳು. ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂದು ಕರೆದು ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯದ ಬಜರಿಗಾರನ್ನು. ನಿಜವಾದ ಲವ್ ಬರ್ಡ್ ಆಫ್ರಿಕದ್ದು, ಬೇರೆಯೇ. ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಕೂಡ ಆಸ್ಟ್ರೇಲಿಯದ್ದೇ. ಇವು ತಲೆಮಾರುಗಳಿಂದ ಮನುಷ್ಯರ ಕೈಯಲ್ಲಿ ಹುಟ್ಟಿ ಬೆಳೆದವು. ಬಜರಿಗಾರನ್ನೂ ಕಾಕಟೀಲನ್ನೂ ಸಾಕುವುದಕ್ಕೆ ನಮ್ಮಲ್ಲಿ ತಡೆಯಿಲ್ಲ. ಆಫ್ರಿಕದ ಬೂದುಗಿಳಿ, ಮಕಾವ್, ಕಾಕಟೂಗಳಂತಹ ದೊಡ್ಡ ಹಕ್ಕಿಗಳ ಸಂಗತಿ ಹಾಗಲ್ಲ. ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಅವುಗಳನ್ನು ಇರಿಸಿಕೊಂಡವರು 2024ರ ಫೆಬ್ರವರಿಯ ನಿಯಮಗಳಂತೆ ‘ಪರಿವೇಶ್’ ಜಾಲತಾಣದ ಮೂಲಕ ನೋಂದಾಯಿಸಲೇಬೇಕು. ಹೊಸದಾಗಿ ಪಡೆದವರಿಗೆ 30 ದಿನಗಳ ಗಡುವು. ಕಾಗದಪತ್ರವಿಲ್ಲದೆ ‘ಎಲ್ಲ ಸರಿಯಿದೆ’ ಎನ್ನುವ ಮಾರಾಟಗಾರನ ಮಾತನ್ನು ನಂಬಿದವನು ಮುಂದೆ ಒಬ್ಬನೇ ಉತ್ತರ ಹೇಳಬೇಕಾಗುತ್ತದೆ.

ಕಾನೂನು ಒಪ್ಪಿತೆಂದ ಮಾತ್ರಕ್ಕೆ ಹಕ್ಕಿ ಒಪ್ಪಿದಂತಾಗದು. ಬಜರಿಗಾರ್ ಐದರಿಂದ ಹತ್ತು ವರ್ಷ, ಕಾಕಟೀಲ್ ಹದಿನೈದು ಇಪ್ಪತ್ತು ವರ್ಷ, ಬೂದುಗಿಳಿ ನಲವತ್ತಕ್ಕೂ ಮೇಲೆ ಬದುಕುತ್ತದೆ. ಐದನೆಯ ತರಗತಿಯ ಮಗುವಿನ ಹಟಕ್ಕೆ ತಂದ ಕಾಕಟೀಲ್, ಆ ಮಗು ಪದವಿಗೆ ಮಂಗಳೂರಿಗೋ ಉದ್ಯೋಗಕ್ಕೆ ಕೊಲ್ಲಿಗೋ ಹೋದಾಗಲೂ ಮನೆಯಲ್ಲಿರುತ್ತದೆ. ಈ ಸೀಮೆಯ ಮನೆಗಳು ಹೇಗೆ ಬರಿದಾಗುತ್ತಿವೆಯೆಂದು ಹೇಳಬೇಕಾಗಿಲ್ಲ. ಚಾವಡಿಯಲ್ಲಿ ಇಬ್ಬರು ಮುದುಕರು, ಮಾಡಿನಲ್ಲಿ ಒಂದು ಹಕ್ಕಿ. ಸಂಜೆ ಬಸ್ಸು ನಿಲ್ಲುವ ಸದ್ದಾದೊಡನೆ ಹಕ್ಕಿ ಊರಲ್ಲಿಲ್ಲದವನ ಹೆಸರನ್ನು ಕೂಗಿದರೆ ಅದನ್ನು ಕೇಳುವವರು ಆ ಮುದುಕರು. ಹಕ್ಕಿಗೆ ರಜೆಯ ಲೆಕ್ಕವಾಗಲಿ ವೀಸಾದ ಲೆಕ್ಕವಾಗಲಿ ತಿಳಿಯದು. ಹಿಂಡು ತಪ್ಪಿಹೋಯಿತೆಂದಷ್ಟೇ ಅದು ತಿಳಿಯುತ್ತದೆ. ಕೆಲವು ಹಕ್ಕಿಗಳು ತಮ್ಮ ಎದೆಯ ಗರಿಗಳನ್ನು ತಾವೇ ಕಿತ್ತುಕೊಳ್ಳಲು ತೊಡಗುವುದು ಇಂಥ ಹೊತ್ತಿನಲ್ಲಿಯೇ. ಹಾಗೆಂದು ಗರಿ ಕೀಳುವುದಕ್ಕೆಲ್ಲ ಒಂಟಿತನವೇ ಕಾರಣವಲ್ಲ. ಚರ್ಮರೋಗ, ಕೊರತೆಯ ಆಹಾರ, ನಿದ್ದೆಗೇಡು ಸಹ ಆಗಿರಬಹುದು, ವೈದ್ಯರೇ ನೋಡಬೇಕು. ಹಕ್ಕಿಗಳ ರೋಗವನ್ನು ಬಲ್ಲ ಪಶುವೈದ್ಯರು ಎಷ್ಟು ದೂರದಲ್ಲಿದ್ದಾರೆಂದು ಹಕ್ಕಿಯನ್ನು ತರುವ ಮೊದಲೇ ವಿಚಾರಿಸಿಟ್ಟುಕೊಂಡವನು ಬುದ್ಧಿವಂತ. ಗಿಳಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಅಡಗಿಸುತ್ತದೆ. ಹಿಂಡಿನಲ್ಲಿ ಬಳಲಿದಂತೆ ಕಂಡದ್ದನ್ನು ಗಿಡುಗ ಮೊದಲು ಹಿಡಿಯುವುದರಿಂದ ಬಂದ ಗುಣವಿದು. ಗರಿಯುಬ್ಬಿಸಿಕೊಂಡು ಪಂಜರದ ತಳಕ್ಕಿಳಿದು ಕೂತ ಹಕ್ಕಿ ಆ ದಿನ ಕಾಯಿಲೆ ಬಿದ್ದದ್ದಲ್ಲ.

ಆಹಾರದಲ್ಲಿ ನಮ್ಮವರ ದೊಡ್ಡ ತಪ್ಪು ಸೂರ್ಯಕಾಂತಿ ಬೀಜ. ಅದನ್ನು ಮಾತ್ರ ತಿಂದ ಹಕ್ಕಿ ಕೊಬ್ಬುತ್ತದೆ, ಎ ಜೀವಸತ್ವದ ಕೊರತೆಯಿಂದ ನರಳುತ್ತದೆ. ನುಗ್ಗೆಸೊಪ್ಪು, ಹರಿವೆ, ಕ್ಯಾರೆಟ್, ಪೇರಳೆ, ಮೊಳಕೆ ಕಾಳು ಇವೆಲ್ಲ ಮನೆಯಂಗಳದಲ್ಲಿಯೇ ದೊರೆಯುವಂಥವು. ಬೆಣ್ಣೆಹಣ್ಣು, ಚಾಕಲೇಟು, ಚಹಾ ಕಾಫಿ ಹಕ್ಕಿಗೆ ವಿಷ. ಹಸಿಮೆಣಸು ತಿಂದರೆ ಗಿಳಿಯ ಬಾಯಿ ಉರಿಯುವುದಿಲ್ಲ. ಮೆಣಸಿನ ಖಾರವನ್ನು ಹಕ್ಕಿಗಳ ನರಗಳು ಗುರುತಿಸುವುದಿಲ್ಲವಾದ್ದರಿಂದ ಅಜ್ಜಿಯರು ಕೊಟ್ಟದ್ದರಲ್ಲಿ ತಪ್ಪಿರಲಿಲ್ಲ. ಅಂಟದ ಲೇಪನದ ದೋಸೆ ಕಾವಲಿಯನ್ನು ಒಲೆಯ ಮೇಲೆ ಮರೆತು ಅತಿಯಾಗಿ ಕಾಯಿಸಿದರೆ ಏಳುವ ಹೊಗೆ ಮನುಷ್ಯನಿಗೆ ತಿಳಿಯುವ ಮೊದಲೇ ಹಕ್ಕಿಯನ್ನು ಕೊಲ್ಲುತ್ತದೆ. ಗಣಿಗಳಲ್ಲಿ ಹಕ್ಕಿಯನ್ನು ವಿಷಗಾಳಿಯ ಸೂಚಕವಾಗಿ ಇರಿಸುತ್ತಿದ್ದುದು ಅದರ ಪುಪ್ಪುಸದ ಇದೇ ಸೂಕ್ಷ್ಮತೆಯಿಂದ. ಹತ್ತು ಹನ್ನೆರಡು ಗಂಟೆಗಳ ಕತ್ತಲೆಯ ನಿದ್ದೆಯೂ ಅದಕ್ಕೆ ಬೇಕು. ರಾತ್ರಿ ಹನ್ನೊಂದರವರೆಗೆ ಧಾರಾವಾಹಿ ನಡೆಯುವ ಕೋಣೆಯಲ್ಲಿ ಪಂಜರವಿಟ್ಟು, ಬೆಳಗ್ಗೆ ಹಕ್ಕಿ ಸಿಡುಕುತ್ತದೆಯೆನ್ನುವುದು ನ್ಯಾಯವಲ್ಲ.

‘ಜೋಡಿ’ಯೆಂಬುದನ್ನೂ ತುಸು ಪರೀಕ್ಷಿಸಬೇಕು. ಒಂಟಿಯಾಗಿಡುವುದಕ್ಕಿಂತ ಎರಡನ್ನಿಡುವುದು ಬಜರಿಗಾರ್‌ಗಳಿಗೆ ಹಿತವೆಂಬುದು ಸರಿ. ಆದರೆ ಗಿಳಿಗಳ ದಾಂಪತ್ಯ ನಮ್ಮ ಸಿನಿಮಾ ಹಾಡುಗಳಂತಿಲ್ಲ. ನಾಡಗಿಳಿಗಳಲ್ಲಿ ಹೆಣ್ಣಿನದೇ ಮೇಲುಗೈ. ಗಂಡು ತಲೆ ಬಾಗಿಸಿ, ಕಾಲೆತ್ತಿ, ಗುಟುಕು ಕೊಟ್ಟು ಒಲಿಸಿಕೊಳ್ಳಬೇಕು, ಆಗಲೂ ಪೆಟ್ಟು ತಿನ್ನುವುದುಂಟು.

ಸಾಕುವ ಆಸೆಯಿದ್ದವರು ಅದಕ್ಕೆ ಮೊದಲು ಗಿಳಿಗಳನ್ನು ಸಾಕಷ್ಟು ನೋಡಬೇಕು. ಮೈಸೂರಿಗೆ ಪ್ರವಾಸ ಹೋಗುವ ಶಾಲೆಗಳು ಅರಮನೆ, ಮೃಗಾಲಯಗಳ ಜೊತೆಗೆ ಶ್ರೀ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನವನ್ನೂ ಸೇರಿಸಿಕೊಳ್ಳಬಹುದು. 468 ಜಾತಿಯ ಹಕ್ಕಿಗಳಿಂದ 2017ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಆ ಎತ್ತರದ ಜಾಲಗೃಹದಲ್ಲಿ ಮಕಾವ್‌ಗಳ ಕೂಗನ್ನು ಅರ್ಧ ಗಂಟೆ ಕೇಳಿದವನಿಗೆ, ಅದನ್ನು ಹಜಾರದಲ್ಲಿಟ್ಟುಕೊಳ್ಳಬೇಕೇ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ.

ಚಪ್ಪಲಿಯ ಪೆಟ್ಟಿಗೆಯ ಮರಿಗೇನು ಗತಿ? ಗರಿ ತುಂಬಿದ ಮರಿಯಾದರೆ ಎತ್ತರದ ಕೊಂಬೆಯ ಮೇಲೋ ಬುಟ್ಟಿಯಲ್ಲೋ ಇಟ್ಟು, ನಾಯಿ ಬೆಕ್ಕುಗಳನ್ನು ದೂರವಿರಿಸಿ, ತಾವೂ ದೂರ ಸರಿದು ಕಾಯಬೇಕು. ತಾಯಿತಂದೆ ಹುಡುಕಿ ಬರುತ್ತವೆ. ಮನುಷ್ಯನ ಕೈ ತಾಗಿದ ಮರಿಯನ್ನು ಹಕ್ಕಿ ಒಲ್ಲದೆಂಬುದು ಬರಿಯ ನಂಬಿಕೆ. ಗರಿಯಿಲ್ಲದ ಮರಿಯಾದರೆ, ಪೊಟರೆಯಿದ್ದ ತುಂಡನ್ನೇ ಹತ್ತಿರದ ಮರಕ್ಕೆ ಎತ್ತರದಲ್ಲಿ ಕಟ್ಟಿ ಅದರೊಳಗಿಡಬಹುದು. ಗಾಯವಾಗಿದ್ದರೆ ಬಾಯಿಗೆ ನೀರನ್ನಾಗಲಿ ಹಾಲನ್ನಾಗಲಿ ಸುರಿಯದೆ, ಬೆಚ್ಚಗೆ ಕತ್ತಲಲ್ಲಿಟ್ಟು, ಅರಣ್ಯ ಇಲಾಖೆಯವರಿಗೆ ಒಪ್ಪಿಸಬೇಕು. ವರ್ಷಗಟ್ಟಲೆ ಪಂಜರದಲ್ಲಿದ್ದ ನಾಡಗಿಳಿಯನ್ನು ಒಂದು ದಿನ ಪುಣ್ಯವೆಂದು ಬಾಗಿಲು ತೆರೆದು ಹಾರಿಸಿಬಿಡುವುದೂ ಸಲ್ಲದು. ರೆಕ್ಕೆಯ ಬಲವಿಲ್ಲದ, ಗಿಡುಗನನ್ನರಿಯದ ಆ ಹಕ್ಕಿ ಎರಡು ದಿನವೂ ಬಾಳದೆ ಹೋಗಬಹುದು. ಅದನ್ನೂ ಇಲಾಖೆಗೇ ಒಪ್ಪಿಸಿ, ನುರಿತವರ ಆರೈಕೆಯಲ್ಲಿ ಹಾರಲು ಕಲಿಯುವಂತೆ ಮಾಡಬೇಕು.

ತೋಟದವರು ಮಾಡಬಹುದಾದ ಕೆಲಸ ಇನ್ನೊಂದಿದೆ, ಖರ್ಚಿಲ್ಲದ್ದು. ತಲೆ ಹೋದ ತೆಂಗಿನ ಬೊಡ್ಡೆ ದಾರಿಯ ಮೇಲೆ, ಮಾಡಿನ ಮೇಲೆ ಬೀಳುವಂತಿಲ್ಲವಾದರೆ ಅದನ್ನು ಹಾಗೆಯೇ ಬಿಡುವುದು. ಕಡಿಯಲೇಬೇಕಾದರೆ ಮಳೆಗಾಲದ ಬಳಿಕ, ಗೂಡು ಬರಿದಾದ ಮೇಲೆ ಕಡಿಯುವುದು. ಬೈಲುಗಳು ಅಡಿಕೆ ತೋಟಗಳಾಗಿ ಬತ್ತದ ತೆನೆ ಅಪರೂಪವಾದ ಈ ದಿನಗಳಲ್ಲಿ ಗಿಳಿಗೆ ಊಟದ ನಷ್ಟ ಆಗಲೇ ಆಗಿದೆ. ಅಂಗಳದ ಪೇರಳೆಯ ಮೇಲ್ಕೊಂಬೆಯ ನಾಲ್ಕು ಹಣ್ಣುಗಳನ್ನು ಕೊಯ್ಯದೆ ಬಿಟ್ಟ ಮನೆಯ ಮಕ್ಕಳು, ಪಂಜರವಿಲ್ಲದೆಯೇ, ಕಿಟಕಿಯೊಳಗಿಂದ ಗಿಳಿ ಹಣ್ಣನ್ನು ಎಡಗಾಲಲ್ಲಿ ಹಿಡಿಯುತ್ತದೋ ಬಲಗಾಲಲ್ಲೋ ಎಂದು ಎಣಿಸಬಹುದು. ಮನುಷ್ಯರಂತೆ ಗಿಳಿಗಳಲ್ಲಿಯೂ ಎಡಚರಿದ್ದಾರೆ; ಅನೇಕ ಜಾತಿಗಳಲ್ಲಿ ಎಡಚರೇ ಹೆಚ್ಚು.

ಸಂಜೆ ಐದೂವರೆಗೆ ಚೆರ್ಕಳದ ಕಡೆಯಿಂದ ಬಂದ ಬಸ್ಸು ಎಡನೀರಿನಲ್ಲಿ ಕೊನೆಯ ಮಕ್ಕಳನ್ನು ಇಳಿಸಿ ನೆಲ್ಲಿಕಟ್ಟೆಯತ್ತ ಹೋಗುತ್ತದೆ. ಬೆಳಗ್ಗೆ ಒಡೆದುಹೋಗಿದ್ದ ತಂಡಗಳು ಆ ಹೊತ್ತಿಗೆ ಒಂದೊಂದಾಗಿ ಮರಳುತ್ತವೆ. ಮೊದಲು ಬಂದವು ನದಿಯ ಬದಿಯ ಎತ್ತರದ ಮರಗಳಲ್ಲಿ ಕೂತು ಕೂಗುತ್ತವೆ, ಗುಡ್ಡೆಯಾಚೆಯಿಂದ ಬರುತ್ತಿರುವವು ಓಗೊಡುತ್ತವೆ. ಬೆಳಕು ಪೂರ್ತಿ ಆರಿ, ಎಲ್ಲವೂ ಬಂದು ಸೇರುವವರೆಗೆ ಆ ಮರಗಳಲ್ಲಿ ಸದ್ದಡಗುವುದಿಲ್ಲ.